ಅಡಿಕೆ ಮದ್ದಿಗೆ ಹಾಕುವ ರಾಳ ಯಾವ ಮರದ್ದು?

ಮಳೆಗಾಲ ಹತ್ತಿರ ಬಂತೆಂದರೆ ರಾಳದ ಪ್ರಶ್ನೆಗಳು ಜಾಸ್ತಿ ಬರುತ್ತವೆ. ಈ ಸಲ ತೋಟದವರ ಜೊತೆಗೆ ಪಿಟೀಲಿನವರು, ಯಕ್ಷಗಾನದವರು, ರಿಪೇರಿ ಅಂಗಡಿಯವರೂ ಬರೆದಿದ್ದಾರೆ. ಎಲ್ಲರೂ ಕೇಳಿರುವುದು ಒಂದೇ ಸಾಮಾನಿನ ಬಗ್ಗೆ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮದ್ದಿಗೆ ಅಂಟು ಬರಲಿ ಅಂತ ಅಂಗಡಿಯಿಂದ ರಾಳ ತರುತ್ತೇವೆ. ಅದು ನಮ್ಮ ಧೂಪದ ಮರದ್ದೇನಾ? ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನ ಬೆಟ್ಟದಲ್ಲಿ ಎರಡು ಧೂಪದ ಮರ ಇವೆ, ಅದರದ್ದನ್ನೇ ಬಳಸಬಹುದಾ? ಇನ್ನೊಂದು, ಹೋದ ವರ್ಷ ರಾಳ ಹಾಕಿದ ಮೇಲೆ ನಾಜಲ್ ಕಟ್ಟಿಕೊಂಡು ಕೊನೆಗಾರ ಮರದ ಮೇಲಿಂದಲೇ ಬೈದ. ತಪ್ಪಿದ್ದು ಎಲ್ಲಿ?
(ಹೊಸನಗರ ಕಡೆಯ ಅಡಿಕೆ ಬೆಳೆಗಾರರು)

ಅಂಗಡಿಯಲ್ಲಿ ಮೈಲುತುತ್ತದ (ತಾಮ್ರದ ಸಲ್ಫೇಟ್) ಪಕ್ಕದ ಚೀಲದಲ್ಲಿರುವ ಗಾಜಿನ ಚೂರಿನಂಥ ಹಳದಿ ಗಟ್ಟಿ ಇದೆಯಲ್ಲ, ಅದು ನಮ್ಮ ಮರದ್ದಲ್ಲ. ಪೈನ್ ಮರದ್ದು. ನಮ್ಮ ದೇಶದಲ್ಲಿ ಇದು ಬಹುಪಾಲು ಸಿಗುವುದು ಚೀಡ್ ಅಥವಾ ಚಿರ್ ಪೈನ್ ಅನ್ನುವ ಮರದಿಂದ. ಹಿಮಾಚಲ, ಉತ್ತರಾಖಂಡ, ಜಮ್ಮು ಕಡೆಯ ಬೆಟ್ಟಗಳಲ್ಲಿ ಈ ಮರದ ಕಾಡೇ ಇದೆ. ಕಾಂಡದ ತೊಗಟೆ ಕೆತ್ತಿ, ಕೆಳಗೆ ಬಟ್ಟಲು ಸಿಕ್ಕಿಸಿ, ಒಸರುವ ಅಂಟನ್ನು ಹಿಡಿಯುತ್ತಾರೆ. ನಮ್ಮಲ್ಲಿ ರಬ್ಬರ್ ಹಾಲು ಇಳಿಸಿದ ಹಾಗೇ. ಆ ಹಸಿ ಅಂಟು ಜೇನಿನ ಹಾಗೆ ಮಂದ ಇರುತ್ತದೆ. ಅದನ್ನು ಕಾರ್ಖಾನೆಯಲ್ಲಿ ಬಟ್ಟಿ ಇಳಿಸಿದರೆ ಹಬೆಯಾಗಿ ಹೋಗಿ ತಣಿದು ಬರುವುದು ಟರ್ಪಂಟೈನ್ ಎಣ್ಣೆ, ತಳದಲ್ಲಿ ಉಳಿಯುವುದು ರಾಳ. ನೂರು ಕಿಲೋ ಹಸಿ ಅಂಟಿಗೆ ಸುಮಾರು 70 ಕಿಲೋ ರಾಳ, 15ರಿಂದ 20 ಕಿಲೋ ಎಣ್ಣೆ. ಮಿಕ್ಕಿದ್ದು ನೀರು, ಕಸ, ತೊಗಟೆ ಚೂರು. ಹಿಮಾಚಲದ ನಾಹನ್ ಮತ್ತು ಬಿಲಾಸ್‌ಪುರದಲ್ಲಿ ಇದಕ್ಕೆಂದೇ ಸರ್ಕಾರಿ ಕಾರ್ಖಾನೆಗಳಿವೆ.

ನಿಮ್ಮ ಬೆಟ್ಟದ ಧೂಪದ ಮರ ಬೇರೆಯೇ ಬಳಗ. ಸಾಲುಧೂಪವನ್ನು ಬ್ರಿಟಿಷರು ಪೈನಿ ವಾರ್ನಿಷ್ ಮರ ಅಂತ ಕರೆದರು. ಆ ‘ಪೈನಿ’ ಮಲಯಾಳದಿಂದ ಬಂದ ಹೆಸರು, ಪೈನ್ ಮರಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಆದರೂ ಈ ಹೆಸರಿನಿಂದ ಓದಿದವರೇ ಮೋಸ ಹೋಗಿದ್ದನ್ನು ನೋಡಿದ್ದೇನೆ. ಇನ್ನೊಂದು ಕರಿಧೂಪ, ಅದೂ ಬೇರೆ. ಅಗರಬತ್ತಿಗೆ ಹಾಕುವ ಹಾಲುಮಡ್ಡಿ ಮತ್ತೂ ಬೇರೆ ಮರ. ನಮ್ಮ ಪಶ್ಚಿಮ ಘಟ್ಟದಲ್ಲಿ ಪೈನ್ ಬಳಗಕ್ಕೆ ದೂರದ ನೆಂಟಸ್ತಿಕೆ ಇರುವ, ತಾನಾಗಿ ಬೆಳೆಯುವ ಮರ ಒಂದೇ ಒಂದು ಜಾತಿ. ಅದರ ಎಲೆಯೂ ಸೂಜಿಯಂತಿಲ್ಲ, ಅಗಲ.

ಹಾಗಾದರೆ ಧೂಪವನ್ನೇ ಮದ್ದಿಗೆ ಹಾಕಿದರೆ? ಬೇಯುವುದಿಲ್ಲ. ಕಾರಣ ಇದೆ. ಪೈನ್ ರಾಳದ ಬಹುಪಾಲು ಆಮ್ಲ. ಸೋಡಾ ಜೊತೆ ಕುದಿಸಿದರೆ ಅದು ಸೋಪಾಗುತ್ತದೆ, ನೀರಿಗೆ ಕೂಡುತ್ತದೆ. ಧೂಪದ ಅಂಟಿನಲ್ಲಿ ಆಮ್ಲ ತೀರಾ ಕಡಿಮೆ. ಎಷ್ಟು ಕುದಿಸಿದರೂ ಜಿಗಟು ಮುದ್ದೆಯಾಗಿ ಸೌಟಿಗೆ ಸುತ್ತಿಕೊಳ್ಳುತ್ತದೆ, ಅಷ್ಟೆ. ಜೊತೆಗೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ರಾಳವೂ ಅರಣ್ಯ ಉತ್ಪನ್ನ. ಬೆಟ್ಟದ ಮರ ನಿಮ್ಮ ಸುಪರ್ದಿಯಲ್ಲಿದ್ದರೂ ಅದಕ್ಕೆ ಗಾಯ ಮಾಡಿ ಅಂಟು ತೆಗೆಯುವ ಮುಂಚೆ ಇಲಾಖೆಯನ್ನು ಕೇಳಲೇಬೇಕು. ಕರಿಧೂಪದ ಬುಡಕ್ಕೆ ಬೆಂಕಿ ಹಚ್ಚಿ ಅಂಟು ಇಳಿಸುವ ಪದ್ಧತಿಯಿಂದ ಎಷ್ಟೋ ದೊಡ್ಡ ಮರಗಳು ನಿಂತಲ್ಲೇ ಒಣಗಿವೆ. ಆ ಎರಡು ಮರಗಳನ್ನು ಸುಮ್ನೆ ಬಿಡಿ.

ಈಗ ನಾಜಲ್ ವಿಷಯ. ರಾಳ ಬೆಂದಿಲ್ಲ, ಇಲ್ಲವೇ ಬೆಂದದ್ದನ್ನು ಮಂದವಾಗಿಯೇ ಒಮ್ಮೆಲೇ ಸುರಿದಿದ್ದೀರಿ. ಎರಡರಲ್ಲಿ ಒಂದು.

ಹಳೆಯ ಲೆಕ್ಕ ಹೀಗಿದೆ: ರಾಳ ಎಷ್ಟೋ ಅದರ ಅರ್ಧ ತೂಕ ವಾಷಿಂಗ್ ಸೋಡಾ. ಅಡುಗೆ ಸೋಡಾ ಅಲ್ಲ, ಬಟ್ಟೆ ಒಗೆಯುವ ಸೋಡಾ. ನೂರು ಲೀಟರ್ ಬೋರ್ಡೋಗೆ ಅರ್ಧ ಕಿಲೋ ರಾಳ, ಕಾಲು ಕಿಲೋ ಸೋಡಾ, ಐದು ಲೀಟರ್ ನೀರು ಸಾಕು. ರಾಳವನ್ನು ಮೊದಲು ಗೋಣಿಯಲ್ಲಿ ಸುತ್ತಿ ಜಜ್ಜಿ ಪುಡಿ ಮಾಡಿಕೊಳ್ಳಿ. ನೀರು ಕುದಿಯುವಾಗ ಸೋಡಾ ಹಾಕಿ ಕರಗಿಸಿ. ಆಮೇಲೆ ರಾಳದ ಪುಡಿಯನ್ನು ರವೆ ಉದುರಿಸಿದ ಹಾಗೆ ಸ್ವಲ್ಪ ಸ್ವಲ್ಪವೇ ಉದುರಿಸುತ್ತಾ ಕದಡಿ. ಬಕೆಟ್ಟಿನಷ್ಟು ದೊಡ್ಡ ಪಾತ್ರೆ ಇಡಿ, ಏಕೆಂದರೆ ಇದು ಹಾಲಿಗಿಂತ ಜೋರಾಗಿ ಉಕ್ಕುತ್ತದೆ. ನಾನು ಮೊದಲ ವರ್ಷ ಕೊಳದಪ್ಪಲೆಯಲ್ಲಿ ಕುದಿಸಲು ಹೋಗಿ ಒಲೆ, ಕಟ್ಟೆ, ನನ್ನ ಪಂಚೆ ಎಲ್ಲ ರಾಳ ಮಾಡಿಕೊಂಡಿದ್ದೆ. ಆ ಕೊಳದಪ್ಪಲೆಯನ್ನು ಅಮ್ಮ ಮತ್ತೆ ಒಳಗೆ ಸೇರಿಸಲೇ ಇಲ್ಲ. ಈಗಲೂ ಕೊಟ್ಟಿಗೆಯಲ್ಲಿದೆ.

ಸಣ್ಣ ಉರಿಯಲ್ಲಿ ಕುದಿಯುತ್ತಾ ಹೋದ ಹಾಗೆ ಉಕ್ಕು ಇಳಿದು, ಡಿಕಾಕ್ಷನ್ ಬಣ್ಣದ ತಿಳಿ ಪಾಕ ಬರುತ್ತದೆ. ಒಂದು ಲೋಟ ನೀರಿಗೆ ಎರಡು ತೊಟ್ಟು ಬಿಟ್ಟು ನೋಡಿ. ಪೂರ್ತಿ ಕೂಡಿಕೊಂಡರೆ ಬೆಂದಿದೆ. ಬಿಳಿ ಚೂರು ತೇಲಿದರೆ ಇನ್ನೂ ಕುದಿಸಿ. ತಣಿದ ಮೇಲೆ ಬಟ್ಟೆಯಲ್ಲಿ ಸೋಸಿ.

ಬೋರ್ಡೋವನ್ನು ನೀವು ಹೇಗೂ ಮಾಡುತ್ತೀರಿ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕತ್ತಿಯ ಅಲಗು ಅದ್ದಿ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು. ಅದೆಲ್ಲ ಮುಗಿದ ಮೇಲೆ ಕಡೆಯಲ್ಲಿ ರಾಳ. ರಾಳದ ಸೋಪು ಸುಣ್ಣ ಮತ್ತು ತಾಮ್ರದ ಜೊತೆ ಸೇರಿದ ಕೂಡಲೇ ನೀರಿಗೆ ಕರಗದ ವಸ್ತುವಾಗಿ ಬದಲಾಗುತ್ತದೆ. ನಮಗೆ ಬೇಕಾದದ್ದೂ ಅದೇ, ಮಳೆಗೆ ತೊಳೆದು ಹೋಗದೆ ಕಾಯಿಗೆ ಕಚ್ಚಿಕೊಳ್ಳುವುದು ಅದರಿಂದಲೇ. ಮಂದ ಪಾಕವನ್ನು ಒಮ್ಮೆಲೇ ಸುರಿದರೆ ಅದು ಮೊಸರೊಡೆದ ಹಾಗೆ ಗಂಟುಗಂಟಾಗುತ್ತದೆ, ನಾಜಲ್ ಕಟ್ಟುತ್ತದೆ. ಒಂದು ಬಕೆಟ್ ನೀರಿಗೆ ಬೆರೆಸಿ ತೆಳು ಮಾಡಿ, ಒಬ್ಬರು ಡ್ರಮ್ಮು ಕಲಕುತ್ತಿರುವಾಗ ಇನ್ನೊಬ್ಬರು ಸಣ್ಣ ಧಾರೆಯಲ್ಲಿ ಬಿಟ್ಟರೆ ನಯವಾಗಿ ಹರಡುತ್ತದೆ. ಬರೀ ಮೈಲುತುತ್ತದ ನೀರಿಗೆ ಮಾತ್ರ ರಾಳ ಹಾಕಲೇಬೇಡಿ. ಬೆರೆಸಿದ್ದನ್ನು ಅದೇ ದಿನ ಹೊಡೆದು ಮುಗಿಸಿ.

ಕೊಳೆರೋಗದ ಬಗ್ಗೆ ಮೈಸೂರು ಸಂಸ್ಥಾನದಲ್ಲಿ ಮೊದಲು ಗಟ್ಟಿಯಾಗಿ ಕೆಲಸ ಮಾಡಿದವರು ಕೆನಡಾದಿಂದ 1908ರಲ್ಲಿ ಬಂದ ಲೆಸ್ಲಿ ಕೋಲ್ಮನ್. 1910ರಲ್ಲಿ ಅವರ ವರದಿ ಬಂತು. ಅದಕ್ಕೂ ಮುಂಚೆ ನಮ್ಮವರಿಗೆ ಗೊತ್ತಿದ್ದದ್ದು ಕೊಟ್ಟೆ ಕಟ್ಟುವುದು, ಅಂದರೆ ಮಳೆ ತಾಗದಂತೆ ಅಡಿಕೆ ಗೊನೆಗೆ ಹೊದಿಕೆ ಕಟ್ಟುವುದು. ಮದ್ದು ಹೊಡೆಯುವ ಈ ಪದ್ಧತಿಗೆ ನೂರು ವರ್ಷದ ಮೇಲಾದರೂ ಮಳೆಯ ಮುಂದೆ ಅಂಟಿನ ಚಿಂತೆ ಮಾತ್ರ ಹೋಗಿಲ್ಲ. ಈಗ ರೆಡಿಮೇಡ್ ಅಂಟುಗಳು ಬಾಟಲಿಯಲ್ಲಿ ಸಿಗುತ್ತವೆ, ಕುದಿಸುವ ರಗಳೆ ಇಲ್ಲ. ಆಳು ಸಿಗದವರು ಅದನ್ನೇ ತಂದುಕೊಳ್ಳಿ, ನನ್ನದೇನೂ ತಕರಾರಿಲ್ಲ.

ಪ್ರಶ್ನೆ: ನಮ್ಮ ಮನೆ ಮುಂದಿನ ಕ್ರಿಸ್‌ಮಸ್ ಮರದ ಕೆಳಗಿನ ಕೊಂಬೆ ಕಡಿಸಿದ ಮೇಲೆ ಕಾಂಡದಿಂದ ಬಿಳಿ ಅಂಟು ಇಳಿಯುತ್ತಿದೆ. ಮರಕ್ಕೆ ರೋಗವಾ? ಈ ಅಂಟನ್ನು ಧೂಪಕ್ಕೆ ಹಾಕಬಹುದಾ?
(ಕೊಪ್ಪದ ಹತ್ತಿರದ ಕಾಫಿ ಬೆಳೆಗಾರರು)

ರೋಗವಲ್ಲ. ಗಾಯಕ್ಕೆ ಮರ ತಾನೇ ಹಚ್ಚಿಕೊಳ್ಳುವ ಮುಲಾಮು ಅದು. ಹುಳ ಒಳಗೆ ಹೋಗದಂತೆ, ಬೂಸ್ಟು ಹಿಡಿಯದಂತೆ ತೂತು ಮುಚ್ಚುತ್ತದೆ. ಕಡಿದ ಜಾಗದಲ್ಲಿ ಮಾತ್ರ ಇಳಿದರೆ ಚಿಂತೆ ಬೇಡ. ಕಡಿಯದ ಜಾಗದಲ್ಲೂ ಅಲ್ಲಲ್ಲಿ ಇಳಿದು, ತುದಿ ಒಣಗುತ್ತಿದ್ದರೆ ಯಾರನ್ನಾದರೂ ಕರೆದು ತೋರಿಸಿ.

ಎಸ್ಟೇಟ್ ಬಂಗಲೆಗಳ ಮುಂದೆ ನಮ್ಮವರು ಕ್ರಿಸ್‌ಮಸ್ ಮರ ಅನ್ನುವುದು ಅರಾಕೇರಿಯಾ. ದಕ್ಷಿಣ ಸಮುದ್ರದ ದ್ವೀಪಗಳು, ಆಸ್ಟ್ರೇಲಿಯಾ ಕಡೆಯಿಂದ ಬಂದದ್ದು. ಇದು ಪೈನ್ ಅಲ್ಲದಿದ್ದರೂ ಪೈನಿನ ದೊಡ್ಡ ಬಳಗಕ್ಕೇ ಸೇರುತ್ತದೆ. ಇದರ ಅಂಟಿನಲ್ಲೊಂದು ವಿಶೇಷ ಇದೆ. ಅರ್ಧ ರಾಳ, ಅರ್ಧ ಗೋಂದು. ನೀವೇ ನೋಡಬಹುದು. ಒಂದು ಚೂರನ್ನು ನೀರಲ್ಲಿ ನೆನೆಹಾಕಿ, ಇನ್ನೊಂದನ್ನು ಸ್ಪಿರಿಟ್ಟಿನಲ್ಲಿ. ನೀರಲ್ಲಿದ್ದದ್ದು ಊದಿಕೊಳ್ಳುತ್ತದೆ ಆದರೆ ಪೂರ್ತಿ ಕರಗುವುದಿಲ್ಲ. ಸ್ಪಿರಿಟ್ಟಿನಲ್ಲಿದ್ದದ್ದು ಸ್ವಲ್ಪ ಕರಗಿ ಸ್ವಲ್ಪ ಉಳಿಯುತ್ತದೆ.

ಇದು ಎಲ್ಲ ಅಂಟಿಗೂ ನಡೆಯುವ ಪರೀಕ್ಷೆ. ನೀರಿಗೆ ಕರಗಿದರೆ ಅಥವಾ ಊದಿದರೆ ಗೋಂದು: ಜಾಲಿ, ಬೇಲ, ನಿಮ್ಮ ತೋಟದ ಸಿಲ್ವರ್ ಓಕ್ ಅಂಟು ಎಲ್ಲ ಈ ಜಾತಿ. ನೀರಿಗೆ ಜಗ್ಗದೆ ಸ್ಪಿರಿಟ್ಟಿಗೋ ಎಣ್ಣೆಗೋ ಕರಗಿದರೆ ರಾಳ. ಹಲಸಿನ ಮೇಣ ಇವೆರಡೂ ಅಲ್ಲ, ಅದು ರಬ್ಬರಿನ ಹಾಗೆ ಹಾಲಿನ ಜಾತಿ. ಅರಗು ಮರದ್ದೇ ಅಲ್ಲ, ಕೊಂಬೆ ಮೇಲೆ ಕೂತ ಹುಳ ಮಾಡಿದ್ದು. ಹಾಗೇ, ಗಾಳಿಮರವನ್ನು ಪೈನ್ ಅಂದುಕೊಂಡವರು ಬಹಳ ಜನ ಇದ್ದಾರೆ. ಅದರ ‘ಸೂಜಿ’ಯನ್ನು ಎಳೆದು ನೋಡಿ, ಗೆಣ್ಣು ಗೆಣ್ಣಾಗಿ ಬಿಚ್ಚಿಕೊಳ್ಳುತ್ತದೆ. ಅದು ಎಲೆಯಲ್ಲ, ಸಣ್ಣ ಕಡ್ಡಿ. ಆ ಮರದಿಂದ ರಾಳ ಬರುವುದಿಲ್ಲ.

ಒಣಗಿ ಬಿದ್ದ ಅಂಟನ್ನು ಕೆಂಡಕ್ಕೆ ಹಾಕಿ ನೋಡಿ, ತೊಂದರೆ ಏನಿಲ್ಲ. ಆದರೆ ಗೋಂದಿನ ಪಾಲು ಸುಟ್ಟ ವಾಸನೆ ಕೊಡುತ್ತದೆ, ಲೋಬಾನದ ಘಮ ನಿರೀಕ್ಷೆ ಮಾಡಬೇಡಿ. ಇನ್ನು ಕೆಳಗಿನ ಕೊಂಬೆ ಕಡಿಸಬೇಡಿ. ಈ ಮರ ಹೋದ ಕೊಂಬೆಯ ಜಾಗದಲ್ಲಿ ಹೊಸದನ್ನು ಬಿಡುವುದಿಲ್ಲ.

ಪ್ರಶ್ನೆ: ಮಗಳು ಪಿಟೀಲು ಕಲಿಯುತ್ತಿದ್ದಾಳೆ. ಬಿಲ್ಲಿಗೆ ಉಜ್ಜುವ ರಾಳದ ಬಿಲ್ಲೆಗೆ ನೂರಾರು ರೂಪಾಯಿ ಹೇಳುತ್ತಾರೆ. ಮದ್ದಿಗೆ ತಂದ ರಾಳ ಕೊಟ್ಟಿಗೆಯಲ್ಲಿ ಇದೆ. ಅದನ್ನೇ ಕರಗಿಸಿ ಅಚ್ಚು ಹಾಕಿದರೆ ಆಗುವುದಿಲ್ಲವಾ?
(ಸಾಗರದ ಓದುಗರು)

ಮೂಲ ಸಾಮಾನು ಒಂದೇ. ಆದರೂ ಬೇಡ. ಮದ್ದಿನ ರಾಳದಲ್ಲಿ ಮಣ್ಣು, ತೊಗಟೆ ಇರುತ್ತದೆ, ಬಿಲ್ಲಿನ ಕೂದಲು ಕೆಡುತ್ತದೆ. ಕುದುರೆ ಕೂದಲು ತಂತಿಯನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿಯುವುದರಿಂದಲೇ ನಾದ ಬರುವುದು. ಆ ಹಿಡಿತ ಒಂದೇ ಸಮ ಇರಲಿ ಅಂತ ರಾಳವನ್ನು ಸೋಸಿ, ಹದ ಮಾಡಿ ಬಿಲ್ಲೆ ಹಾಕಿರುತ್ತಾರೆ. ಕೆಳಗೆ ಬೀಳಿಸಿ ಒಡೆಯದಿದ್ದರೆ ಒಂದು ಬಿಲ್ಲೆ ವರ್ಷಗಟ್ಟಲೆ ಬರುತ್ತದೆ, ಜಿಪುಣತನ ಮಾಡಬೇಡಿ. ದಿನವೂ ಅಭ್ಯಾಸ ಮುಗಿದ ಮೇಲೆ ಪಿಟೀಲಿನ ಮೇಲೆ ಬಿದ್ದ ಬಿಳಿ ಪುಡಿಯನ್ನು ಒಣ ಬಟ್ಟೆಯಲ್ಲಿ ಒರೆಸಲು ಹೇಳಿ. ಸ್ಪಿರಿಟ್ ಮಾತ್ರ ಮುಟ್ಟಿಸಬೇಡಿ, ರಾಳದ ಜೊತೆ ಪಾಲಿಶ್ ಕೂಡ ಎದ್ದು ಬರುತ್ತದೆ.

ಪ್ರಶ್ನೆ: ಊರಿನ ಹವ್ಯಾಸಿ ತಂಡದ ಆಟದಲ್ಲಿ ಬಣ್ಣದ ವೇಷ ಬರುವಾಗ ದೊಂದಿಗೆ ರಾಳ ಎರಚುತ್ತೇವೆ. ಹೋದ ಸಲ ಹುಡುಗನೊಬ್ಬನ ಕೈ ಸುಟ್ಟಿತು. ರಾಳದ ಬದಲು ಬೇರೆ ಏನಾದರೂ ಇದೆಯಾ?
(ಸೊರಬ ತಾಲೂಕಿನ ಯಕ್ಷಗಾನ ಕಲಾವಿದರು)

ಆ ಭಗ್ಗನೆ ಏಳುವ ಬೆಂಕಿ ಇಲ್ಲದಿದ್ದರೆ ರಾಕ್ಷಸ ಬಂದ ಹಾಗೇ ಆಗುವುದಿಲ್ಲ, ಗೊತ್ತು. ಗಟ್ಟಿ ರಾಳದ ಉಂಡೆ ದೀಪದ ಹಾಗೆ ನಿಧಾನ ಉರಿಯುತ್ತದೆ. ಅದೇ ರಾಳ ನುಣ್ಣನೆ ಪುಡಿಯಾಗಿ ಗಾಳಿಯಲ್ಲಿ ಹರಡಿದರೆ ಒಂದೊಂದು ಕಣದ ಸುತ್ತಲೂ ಗಾಳಿ ಸಿಕ್ಕಿ ಎಲ್ಲ ಒಟ್ಟಿಗೇ ಹೊತ್ತಿಕೊಳ್ಳುತ್ತದೆ. ಅಂದವೂ ಅದರಲ್ಲೇ, ಅಪಾಯವೂ ಅದರಲ್ಲೇ. ಇನ್ನೊಂದು ಅಪಾಯ ಜನರಿಗೆ ಹೊಳೆಯುವುದಿಲ್ಲ. ಪೈನ್ ರಾಳ 70–80 ಡಿಗ್ರಿಗೇ ಮೆತ್ತಗಾಗುತ್ತದೆ. ಅರ್ಧ ಉರಿದ ಹನಿ ಚರ್ಮಕ್ಕೆ ಬಿದ್ದರೆ ಜಾರಿ ಹೋಗುವುದಿಲ್ಲ, ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಆ ಹುಡುಗನ ಕೈಗೆ ಆದದ್ದೂ ಇದೇ ಇರಬೇಕು.

ಬದಲಿ ಹುಡುಕುವ ಬದಲು ಎರಚುವವರನ್ನು ಗೊತ್ತು ಮಾಡಿ. ಪ್ರತಿ ಆಟಕ್ಕೂ ಅದೇ ಒಬ್ಬರು, ವಯಸ್ಸಾದವರು, ಕುಡಿಯದವರು. ಒಂದು ಸಲಕ್ಕೆ ಒಂದು ಹಿಡಿಗಿಂತ ಕಡಿಮೆ. ಡಬ್ಬದಿಂದ ನೇರ ಬೆಂಕಿಗೆ ಸುರಿಯಲೇಬಾರದು, ಬೆಂಕಿ ಡಬ್ಬಕ್ಕೇ ವಾಪಸ್ ಬರುತ್ತದೆ. ಡಬ್ಬ ದೂರ, ಮುಚ್ಚಳ ಹಾಕಿ ಇರಲಿ. ಗಾಳಿ ಬೆನ್ನಿಗೆ ಇರಬೇಕು. ಶಾಮಿಯಾನ, ಚಪ್ಪರದ ಕೆಳಗೆ ಬೇಡ. ನೈಲಾನ್ ಅಂಗಿ ಬೇಡ, ಹತ್ತಿ ಇರಲಿ. ಪೆಟ್ರೋಲ್ ಬೆರೆಸುವ ಹುಚ್ಚು ಯಾರಿಗಾದರೂ ಇದ್ದರೆ ಅವರನ್ನು ಚೌಕಿಯಲ್ಲೇ (ವೇಷ ಕಟ್ಟುವ ಕೋಣೆ) ಕೂರಿಸಿ.

ಚರ್ಮಕ್ಕೆ ಹನಿ ಅಂಟಿದರೆ ಕೀಳಬೇಡಿ, ಚರ್ಮ ಸಮೇತ ಬರುತ್ತದೆ. ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿದು, ಅಂಟಿದ್ದು ಅಂಟಿದ ಹಾಗೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಹದಿನೈದು ವರ್ಷದಿಂದ ಟಿವಿ, ಮಿಕ್ಸಿ ರಿಪೇರಿ ಮಾಡುತ್ತಿದ್ದೇನೆ. ಇತ್ತೀಚೆಗೆ ಸೋಲ್ಡರ್ ಹೊಗೆ ತಾಗಿದರೆ ಕೆಮ್ಮು. ಸೀಸದ ಹೊಗೆ ಅಂತ ಗೆಳೆಯರು ಹೆದರಿಸುತ್ತಾರೆ. ನಿಜವಾ?
(ಶಿವಮೊಗ್ಗದ ಓದುಗರು)

ಆ ಬಿಳಿ ಹೊಗೆ ಸೀಸದ್ದಲ್ಲ, ರಾಳದ್ದು. ಸೋಲ್ಡರ್ ತಂತಿಯ ಹೊಟ್ಟೆಯಲ್ಲಿ ರಾಳ ತುಂಬಿರುತ್ತದೆ. ಬಿಸಿಯಾದಾಗ ಅದರ ಆಮ್ಲ ತಾಮ್ರದ ಮೇಲಿನ ಕಿಲುಬು ತೆಗೆದು ಬೆಸುಗೆ ಹಿಡಿಯುವ ಹಾಗೆ ಮಾಡುತ್ತದೆ. ತಣಿದ ಮೇಲೆ ಆ ಆಮ್ಲ ಸುಮ್ಮನಾಗುತ್ತದೆ, ಅದಕ್ಕೇ ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ರಾಳವೇ ಸರಿ. ಆ ಶಾಖಕ್ಕೆ ಸೀಸ ಹೊಗೆಯಾಗುವುದು ತೀರಾ ಅಲ್ಪ. ಸೀಸ ಒಳಗೆ ಹೋಗುವುದು ಕೈಯಿಂದ. ಸೋಲ್ಡರ್ ಹಿಡಿದ ಕೈಯಲ್ಲೇ ಮಂಡಕ್ಕಿ ತಿನ್ನುವುದು ಬಿಡಿ.

ಹಾಗಂತ ರಾಳದ ಹೊಗೆ ಸಾಧು ಅಂತಲ್ಲ. ಕೆಲಸದಿಂದ ಬರುವ ಆಸ್ತಮಾಕ್ಕೆ ಅದು ಚೆನ್ನಾಗಿ ಗೊತ್ತಿರುವ ಕಾರಣ. ವರ್ಷಗಟ್ಟಲೆ ಏನೂ ಆಗದೆ, ಒಂದು ದಿನ ದೇಹಕ್ಕೆ ಅದು ಒಗ್ಗದೆ ಹೋಗುತ್ತದೆ. ಆಮೇಲೆ ಸ್ವಲ್ಪ ಹೊಗೆಯೂ ಸಾಕು. ನಿಮ್ಮ ಕೆಮ್ಮು ಭಾನುವಾರ, ಹಬ್ಬದ ರಜೆಯಲ್ಲಿ ಕಡಿಮೆಯಾಗಿ ಅಂಗಡಿ ತೆರೆದ ಮೇಲೆ ವಾಪಸ್ ಬರುತ್ತದಾ? ಬಂದರೆ ಶ್ವಾಸಕೋಶದ ಡಾಕ್ಟರ ಹತ್ತಿರ ಹೋಗಿ, ಸೋಲ್ಡರಿಂಗ್ ಮಾಡುತ್ತೇನೆ ಅಂತ ಮೊದಲ ಮಾತಿಗೇ ಹೇಳಿ. ಈ ವಾರವೇ ಮಾಡಬಹುದಾದ್ದು: ಒಂದು ಹಳೆಯ ಕಂಪ್ಯೂಟರ್ ಫ್ಯಾನನ್ನು ಹೊಗೆ ನಿಮ್ಮ ಮುಖದಿಂದ ಆಚೆ ಎಳೆಯುವ ಹಾಗೆ ಕೂರಿಸಿ, ಕಿಟಕಿಗೆ ಪೈಪ್ ಕೊಡಿ. ಮೇಲಿನ ಸೀಲಿಂಗ್ ಫ್ಯಾನಿನಿಂದ ಪ್ರಯೋಜನ ಇಲ್ಲ, ಹೊಗೆಯನ್ನು ಕೋಣೆ ತುಂಬ ತಿರುಗಿಸುತ್ತದೆ ಅಷ್ಟೇ.

ಪ್ರಶ್ನೆ: ಹಳೆಯ ಮಾವಿನ ಮರಕ್ಕೆ ಅಪ್ಪೆಮಿಡಿ ಕಸಿ ಮಾಡಬೇಕೆಂದಿದ್ದೇನೆ. ಕಸಿ ಮೇಣ ಮನೆಯಲ್ಲೇ ಮಾಡಬಹುದಾ?
(ರಿಪ್ಪನ್‌ಪೇಟೆಯ ಓದುಗರು)

ಖಂಡಿತ. ಸಣ್ಣ ಗಿಡಕ್ಕಾದರೆ ನರ್ಸರಿಯವರ ಪ್ಲಾಸ್ಟಿಕ್ ಪಟ್ಟಿಯೇ ಸಾಕು. ದೊಡ್ಡ ಕೊಂಬೆ ಕೊಯ್ದು ಕಸಿ ಮಾಡುವಾಗ ಮೇಣ ಬೇಕು, ಇಲ್ಲದಿದ್ದರೆ ಕೊಯ್ದ ಮುಖಕ್ಕೆ ಮಳೆನೀರು ಇಳಿಯುತ್ತದೆ. ತೂಕದಲ್ಲಿ ನಾಲ್ಕು ಪಾಲು ರಾಳ, ಎರಡು ಪಾಲು ಜೇನುಮೇಣ, ಒಂದು ಪಾಲು ಕೊಬ್ಬು. ಕೊಬ್ಬಿನ ಬದಲು ನಾನು ಮುರುಗಲ (ಪುನರ್ಪುಳಿ) ಬೀಜದ ತುಪ್ಪ ಹಾಕುತ್ತೇನೆ, ಹದ ಚೆನ್ನಾಗಿಯೇ ಬರುತ್ತದೆ. ಮೊದಲು ರಾಳವನ್ನು ಸಣ್ಣ ಉರಿಯಲ್ಲಿ ಕರಗಿಸಿ, ಮೇಲೆ ಮೇಣ, ಕಡೆಗೆ ತುಪ್ಪ. ಒಲೆಗಿಂತ ಕೆಂಡ ಒಳ್ಳೆಯದು, ಬೆಂಕಿ ಹತ್ತಿದರೆ ನೀರು ಹಾಕದೆ ತಟ್ಟೆ ಮುಚ್ಚಿ. ಕರಗಿದ್ದನ್ನು ತಣ್ಣೀರಿನ ಬಕೆಟ್ಟಿಗೆ ಹೊಯ್ದು, ಮುಟ್ಟುವಷ್ಟು ತಣಿದ ಮೇಲೆ ಕೈಗೆ ಎಣ್ಣೆ ಸವರಿಕೊಂಡು ಎಳೆಯಿರಿ, ಮಡಚಿರಿ, ಮತ್ತೆ ಎಳೆಯಿರಿ. ಕಂದು ಬಣ್ಣ ಹೋಗಿ ಒಣ ಹುಲ್ಲಿನ ಬಣ್ಣ ಬಂದರೆ ಮುಗಿಯಿತು. ಉಂಡೆ ಕಟ್ಟಿ ಬಾಳೆ ಎಲೆಯಲ್ಲಿ ಸುತ್ತಿಡಿ. ಬೇಕಾದಾಗ ಅಂಗೈ ಬಿಸಿಗೇ ಮೆತ್ತಗಾಗುತ್ತದೆ. ಮಲೆನಾಡಿನ ಚಳಿಗೆ ಬಿರುಕು ಬಿಟ್ಟರೆ ಮುಂದಿನ ಸಲ ತುಪ್ಪ ಸ್ವಲ್ಪ ಜಾಸ್ತಿ ಮಾಡಿ.

ಪ್ರಶ್ನೆ: ಗದ್ದೆ ಕೆಲಸ ಮಾಡಿ ಹಿಮ್ಮಡಿ ಒಡೆದಿದೆ. ನಮ್ಮ ಅತ್ತೆ ರಾಳ, ಜೇನುಮೇಣ, ಕೊಬ್ಬರಿ ಎಣ್ಣೆ ಕಾಯಿಸಿ ಹಚ್ಚುತ್ತಿದ್ದರು. ಅಂಗಡಿ ರಾಳದಲ್ಲಿ ಮಾಡಬಹುದಾ?
(ತೀರ್ಥಹಳ್ಳಿಯ ಓದುಗರು)

ನಿಮ್ಮ ಅತ್ತೆ ಹಾಕುತ್ತಿದ್ದದ್ದು ಬಹುಶಃ ಗ್ರಂಧಿಗೆ ಅಂಗಡಿಯ ಧೂಪದ ರಾಳ. ಮದ್ದಿನ ಅಂಗಡಿಯದ್ದು ಪೈನಿನದ್ದು. ಪೈನ್ ರಾಳ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಅಂಟುಪಟ್ಟಿ ಹಾಕಿದ ಜಾಗ ಕೆಂಪಾಗಿ ತುರಿಸುವವರಲ್ಲಿ ಕೆಲವರಿಗೆ ಅದೇ ಕಾರಣ. ನಿಮಗೂ ಹಾಗೆ ಆಗುತ್ತಿದ್ದರೆ ರಾಳದ ಸಹವಾಸ ಬೇಡ. ಇಲ್ಲದಿದ್ದರೂ ಮೊದಲು ಮೊಣಕೈ ಒಳಗೆ ಒಂದು ಚುಕ್ಕೆ ಹಚ್ಚಿ ಎರಡು ದಿನ ನೋಡಿ. ರಕ್ತ ಬರುವ ಬಿರುಕಿಗೆ, ಸಕ್ಕರೆ ಕಾಯಿಲೆ ಇರುವವರ ಕಾಲಿಗೆ ಯಾವ ರಾಳವೂ ಬೇಡ, ಡಾಕ್ಟರಿಗೆ ತೋರಿಸಿ. ನಿಜ ಹೇಳಬೇಕೆಂದರೆ ಅಲ್ಲಿ ಕೆಲಸ ಮಾಡುವುದು ಎಣ್ಣೆ ಮತ್ತು ಮೇಣವೇ. ರಾಳ ಬಿಟ್ಟು ಬರೀ ಅವೆರಡನ್ನು ಕಾಯಿಸಿ, ರಾತ್ರಿ ಕಾಲು ತೊಳೆದು ಹಚ್ಚಿ, ಹಳೆಯ ಕಾಲುಚೀಲ ಹಾಕಿ ಮಲಗಿ.

ಪ್ರಶ್ನೆ: ಕೈಗೆ, ಬಟ್ಟೆಗೆ ಅಂಟಿದ ರಾಳ ಸೋಪಿಗೆ ಹೋಗುತ್ತಿಲ್ಲ. ಏನು ಮಾಡಲಿ?
(ಇದನ್ನು ಮೂರು ಜನ ಕೇಳಿದ್ದಾರೆ)

ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಚೆನ್ನಾಗಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ. ಸೋಪು ಆಮೇಲೆ. ಬಟ್ಟೆಯಾದರೆ ಫ್ರೀಜರಿನಲ್ಲಿ ಒಂದು ಗಂಟೆ ಇಟ್ಟು, ಗಾಜಿನ ಹಾಗೆ ಗಟ್ಟಿಯಾದದ್ದನ್ನು ಉಗುರಲ್ಲಿ ಚಕ್ಕೆ ಎಬ್ಬಿಸಿ, ಉಳಿದ ಕಲೆಗೆ ಸ್ಪಿರಿಟ್ ಹಾಕಿ ಒರೆಸಿ. ಬಣ್ಣ ಬಿಡುತ್ತದಾ ಅಂತ ಮೊದಲು ಒಳಮಡಿಕೆಯಲ್ಲಿ ನೋಡಿಕೊಳ್ಳಿ. ಬಿಸಿನೀರು ಬೇಡ, ಇಸ್ತ್ರಿ ಅಂತೂ ಬೇಡವೇ ಬೇಡ. ರೇಷ್ಮೆಯಾದರೆ ನೀವು ಕೈ ಹಾಕದೆ ಡ್ರೈಕ್ಲೀನಿಂಗಿಗೆ ಕೊಡಿ, ಅಂಟಿದ್ದು ರಾಳ ಅಂತ ಹೇಳಿ ಕೊಡಿ.